ಕೆಗ್ ಪೆಟ್ಟಿಗೆಯ ತಳದಲ್ಲಿ ನೀರು: ದಾವಣಗೆರೆಯ ಮನೆಯೊಂದರ ಪ್ರಕರಣ

ದಾವಣಗೆರೆಯ ಹಳೆಯ ಬಡಾವಣೆಯೊಂದರಲ್ಲಿ ಮಾವ, ಅಳಿಯ ಸೇರಿ ಶುಂಠಿ-ನಿಂಬೆ ಸೋಡಾ ಮತ್ತು ಸೊಗದೆಬೇರಿನ ಶರಬತ್ತಿನ ಸೋಡಾ ಮಾಡುತ್ತಾರೆ. ಮನೆಬಳಕೆಗೆ ಒಂದಿಷ್ಟು, ನೆಂಟರಿಷ್ಟರ ಸಮಾರಂಭಗಳಿಗೆ ಒಂದಿಷ್ಟು. ಮನೆಯವರ ಗುರುತು, ಉಪಕರಣದ ಕಂಪನಿ ಎರಡನ್ನೂ ಇಲ್ಲಿ ಬಿಟ್ಟಿದೆ. ಹೊರದೇಶಗಳಲ್ಲಿ ಮನೆಯಲ್ಲೇ ಬಿಯರ್ ಮಾಡುವವರು ಡೀಪ್ ಫ್ರೀಜರಿಗೆ ಹೊರಗಿನಿಂದ ತಾಪಮಾನ ಕಂಟ್ರೋಲರ್ ಜೋಡಿಸಿ ಅದರಲ್ಲಿ ಕೆಗ್, ಎಂದರೆ ಪಾನೀಯ ತುಂಬಿಡುವ ಸ್ಟೀಲ್ ಪೀಪಾಯಿ, ಇಡುತ್ತಾರೆ. ಇವರು ಅದೇ ಏರ್ಪಾಡನ್ನು ಸೋಡಾಕ್ಕೆ ತಂದುಕೊಂಡರು. ಒಳಗಿನ ಪಾನೀಯ ಯಾವುದಾದರೇನು, ತೇವದ ಕಾಟ ಒಂದೇ.

ಪೆಟ್ಟಿಗೆಯ ಏರ್ಪಾಡು

ಸುಮಾರು 300 ಲೀಟರಿನ, ಮೇಲ್ಮುಚ್ಚಳದ ಡೀಪ್ ಫ್ರೀಜರ್. ಒಳಗೆ 19 ಲೀಟರಿನ ನಾಲ್ಕು ಸ್ಟೀಲ್ ಕೆಗ್. ಮುಚ್ಚಳಕ್ಕೂ ಪೆಟ್ಟಿಗೆಗೂ ನಡುವೆ 15 ಸೆಂಟಿಮೀಟರ್ ಎತ್ತರದ ಮರದ ಚೌಕಟ್ಟು ಕೂರಿಸಿ, ನಲ್ಲಿಗಳನ್ನೂ ಗ್ಯಾಸ್ ಪೈಪನ್ನೂ ಸೆನ್ಸರ್ ವೈರನ್ನೂ ಅದರಲ್ಲೇ ತೂತು ಕೊರೆದು ಹಾಯಿಸಿದ್ದರು. ಇಲ್ಲಿಯವರೆಗೆ ಎಲ್ಲ ಸರಿ. ಇಂಥ ಫ್ರೀಜರಿನ ಗೋಡೆಯೊಳಗೇ ತಂಪು ಮಾಡುವ ಗ್ಯಾಸಿನ ಕೊಳವೆ ಹರಿದಿರುತ್ತದೆ. ಹೊಸ ಮಾದರಿಗಳಲ್ಲಿ ಹಲವು ಆರ್-600ಎ ಅಥವಾ ಆರ್-290 ಬಳಸುತ್ತವೆ, ಎರಡೂ ಹೊತ್ತಿಕೊಳ್ಳುವ ಅನಿಲ. ಹಾಗಾಗಿ ಗೋಡೆಗೆ ಡ್ರಿಲ್ ಇಡುವ ಮಾತೇ ಇಲ್ಲ. ತೂತು ಏನಿದ್ದರೂ ಮರದಲ್ಲಿ. ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಹೊರಗಿತ್ತು. ಎಸ್‌ಟಿಸಿ-1000 ಮಾದರಿಯ ಕಂಟ್ರೋಲರಿನಲ್ಲಿ ತಾಪಮಾನ 4 ಡಿಗ್ರಿ, ವ್ಯತ್ಯಾಸ (ಎಷ್ಟು ಏರಿದರೆ ಕಂಪ್ರೆಸರ್ ಮತ್ತೆ ಓಡಬೇಕು ಎಂಬುದು) 0.5 ಡಿಗ್ರಿ, ಕಂಪ್ರೆಸರ್ ತಡ (ನಿಂತ ಮೇಲೆ ಮತ್ತೆ ಓಡುವ ಮುಂಚಿನ ಬಿಡುವು) 3 ನಿಮಿಷ. ಎಂದರೆ ತಾಪಮಾನ ಮಾತ್ರ ಬದಲಿಸಿ, ವ್ಯತ್ಯಾಸ, ತಡ ಎರಡನ್ನೂ ಕಂಟ್ರೋಲರ್ ಕೊಂಡಾಗ ಇದ್ದಂತೆಯೇ ಬಿಟ್ಟಿದ್ದರು. ಸೆನ್ಸರ್ ಕೆಗ್‌ಗಳ ನಡುವೆ ಗಾಳಿಯಲ್ಲಿ ನೇತಾಡುತ್ತಿತ್ತು.

ಮಾರ್ಚ್‌ನಲ್ಲಿ ಶುರುವಾದ ಏರ್ಪಾಡು ಏಪ್ರಿಲ್, ಮೇ ಪೂರ್ತಿ ಒಂದು ಹನಿ ನೀರೂ ಬಿಡದೆ ನಡೆಯಿತು. ಹೊರಗೆ ನೆತ್ತಿ ಸುಡುವ ಬಿಸಿಲು, ಒಳಗೆ ತಳ ಒಣಕಲು. ಇದನ್ನು ನೋಡಿಯೇ ಮನೆಯವರು ಪೆಟ್ಟಿಗೆ ಭದ್ರವಾಗಿದೆ ಎಂದುಕೊಂಡರು. ಮುಂದಿನ ಗೊಂದಲಕ್ಕೆಲ್ಲ ಮೂಲ ಈ ನಂಬಿಕೆಯೇ.

ಬೇಸಿಗೆ ಏಕೆ ಏನನ್ನೂ ಹೇಳಲಿಲ್ಲ

ಸೆಕೆ ಹೆಚ್ಚಿದ್ದಾಗ ಬೆವರೂ ಹೆಚ್ಚು ಎಂದು ನಾವು ಸಹಜವಾಗಿ ಎಣಿಸುತ್ತೇವೆ. ಫ್ರೀಜರಿಗೆ ಹೊರಗಿನ ಬಿಸಿಯ ಲೆಕ್ಕ ಬೇರೆ, ಹೊರಗಿನ ನೀರಾವಿಯ ಲೆಕ್ಕ ಬೇರೆ. 38 ಡಿಗ್ರಿಯ ಗಾಳಿ ತುಂಬಿದರೆ ಘನ ಮೀಟರಿಗೆ 46 ಗ್ರಾಂ ನೀರಾವಿ ಹಿಡಿಯಬಲ್ಲದು, ನಿಜ. ಆದರೆ ಬಯಲುಸೀಮೆಯ ಏಪ್ರಿಲ್ ಮಧ್ಯಾಹ್ನ ಸಾಪೇಕ್ಷ ತೇವ ಶೇ 20ರ ಆಸುಪಾಸಿಗೆ ಇಳಿದರೆ ಅದರಲ್ಲಿ ಇರುವುದು 9 ಗ್ರಾಂ ಅಷ್ಟೆ. 4 ಡಿಗ್ರಿಯ ಗಾಳಿ ತನ್ನಲ್ಲಿ 6.4 ಗ್ರಾಂ ಇಟ್ಟುಕೊಳ್ಳುತ್ತದೆ. ಒಳಗೆ ಬಂದ ಒಂದು ಘನ ಮೀಟರ್ ಗಾಳಿ ಉದುರಿಸುವುದು 3 ಗ್ರಾಂಗಿಂತ ಕಡಿಮೆ.

ಜುಲೈನಲ್ಲಿ ಮೋಡ ಮುಚ್ಚಿ ಜಿಟಿಜಿಟಿ ಹಿಡಿದಾಗ ಹೊರಗೆ 25 ಡಿಗ್ರಿ, ತೇವ ಶೇ 88 ಎನ್ನೋಣ. ಗಾಳಿಯಲ್ಲಿ 20 ಗ್ರಾಂ ನೀರಾವಿ. ಒಳಗೆ ಬಂದರೆ ಸುಮಾರು 14 ಗ್ರಾಂ ನೀರಾಗುತ್ತದೆ. ಅದೇ ಪೆಟ್ಟಿಗೆ, ಅದೇ ಸಂದು, ಹೊರಗೆ ತಂಪು ಹವೆ. ಆದರೂ ಒಳಗೆ ಬೀಳುವ ನೀರು ಐದು ಪಟ್ಟು. ಮಲೆನಾಡಿನಲ್ಲೋ ಕರಾವಳಿಯಲ್ಲೋ ಆಗಿದ್ದರೆ ಸಂದುಗಳು ಮೊದಲ ವಾರವೇ ಬಾಯಿಬಿಡುತ್ತಿದ್ದವು. ಇಲ್ಲಿ ಮಾರ್ಚ್‌ನಲ್ಲಿ ಕಟ್ಟಿದ ಪೆಟ್ಟಿಗೆಯ ಪರೀಕ್ಷೆ ಮೃಗಶಿರಾ, ಆರಿದ್ರಾ ಮಳೆ ಬರುವವರೆಗೆ ಮುಗಿಯುವುದಿಲ್ಲ.

ಮಳೆ ಹಿಡಿದ ಮೇಲೆ

ಜೂನ್ ಕೊನೆಗೆ ತಳದಲ್ಲಿ ನೀರು ಕಾಣಿಸಿತು. ವಾರಕ್ಕೊಮ್ಮೆ ಬಟ್ಟೆಯಲ್ಲಿ ಒರೆಸಿ ಹಿಂಡಿದರೆ ಒಂದು ದೊಡ್ಡ ಲೋಟದಷ್ಟು, ಅಂದಾಜು 250 ಮಿಲಿಲೀಟರ್. ಜುಲೈ ನಡುವಿಗೆ ಮುಚ್ಚಳದ ರಬ್ಬರ್ ಗ್ಯಾಸ್ಕೆಟ್ಟಿನ ಮಡಿಕೆಯಲ್ಲಿ ಕರಿ ಬೂಷ್ಟು. ಚೌಕಟ್ಟಿನ ಒಳಮೈಗೆ ಅಂಟಿಸಿದ್ದ ಥರ್ಮಾಕೋಲ್ ಹಾಳೆಯ ಅಂಚಿನಿಂದ ಮುಗ್ಗಲು ವಾಸನೆ. ಕೆಗ್ಗಿನ ಬುಡದ ರಬ್ಬರ್ ಬಳೆಯ ಕೆಳಗೆ ಸದಾ ಅಂಟಂಟು.

ಒಳಗೆ ಆಗುತ್ತಿದ್ದುದು ಇಷ್ಟು. ಕಂಪ್ರೆಸರ್ ಓಡುವಾಗ ಗೋಡೆಯ ಮೈ ಶೂನ್ಯದ ಕೆಳಗೆ ಇಳಿಯುತ್ತದೆ, ಗಾಳಿಯ ತೇವ ಅಲ್ಲಿ ತೆಳ್ಳಗೆ ಐಸಾಗಿ ಕೂರುತ್ತದೆ. ಮೈನಸ್ 18ರಲ್ಲಿ ನಡೆಯುವ ಫ್ರೀಜರಿನಲ್ಲಿ ಆ ಐಸು ಅಲ್ಲೇ ದಪ್ಪವಾಗುತ್ತ ಹೋಗುತ್ತದೆ, ತಿಂಗಳಾನುಗಟ್ಟಲೆ ಬಿಟ್ಟು ಕೆರೆದು ತೆಗೆದರೆ ಆಯಿತು. 4 ಡಿಗ್ರಿಯಲ್ಲಿ ನಡೆಸಿದಾಗ ಕಂಪ್ರೆಸರ್ ನಿಂತ ಕೂಡಲೇ ಐಸು ಕರಗಿ ಗೋಡೆಗುಂಟ ಇಳಿದು ತಳ ಸೇರುತ್ತದೆ. ಫ್ರಾಸ್ಟ್-ಫ್ರೀ ಫ್ರಿಜ್ಜಿನಲ್ಲಿ ಈ ನೀರು ಪೈಪಿನಲ್ಲಿ ಇಳಿದು ಕಂಪ್ರೆಸರಿನ ಮೇಲಿನ ತಟ್ಟೆಗೆ ಬಂದು ಅದರ ಶಾಖಕ್ಕೆ ಆವಿಯಾಗುತ್ತದೆ. ಡೀಪ್ ಫ್ರೀಜರಿಗೆ ಆ ಸೌಕರ್ಯ ಇಲ್ಲ. ಬಂದ ನೀರು ಬಂದಲ್ಲೇ.

ಮೊದಲು ಮಾಡಿದ್ದು

ಮೊದಲ ಉಪಾಯ ಅಡುಗೆಮನೆಯಿಂದ ಬಂತು: ಬಟ್ಟಲಲ್ಲಿ ಕಲ್ಲುಪ್ಪು. ಸುತ್ತಲ ತೇವ ಶೇ 75 ದಾಟಿದರೆ ಮಾತ್ರ ಅಡುಗೆ ಉಪ್ಪು ನೀರೆಳೆಯುತ್ತದೆ, ಅದಕ್ಕಿಂತ ಕೆಳಗೆ ಇಳಿಸುವ ತಾಕತ್ತು ಅದಕ್ಕಿಲ್ಲ. ಬಟ್ಟಲು ನಾಲ್ಕೇ ದಿನಕ್ಕೆ ಉಪ್ಪುನೀರಾಯಿತು, ಬೂಷ್ಟು ತನ್ನ ಪಾಡಿಗೆ ಬೆಳೆಯಿತು.

ಆಮೇಲೆ ಬಟ್ಟೆ ಬೀರುವಿಗೆಂದು ಮಾರುವ ಕ್ಯಾಲ್ಸಿಯಂ ಕ್ಲೋರೈಡಿನ ಡಬ್ಬಿಗಳು. ಇದು ಉಪ್ಪಿನಂತಲ್ಲ, ನಿಜಕ್ಕೂ ಬಲವಾದ ಹೀರುಗ. ಆದರೆ ಹೀರಿದ ನೀರು ಡಬ್ಬಿಯಲ್ಲೇ ದ್ರವವಾಗಿ ನಿಲ್ಲುತ್ತದೆ. ಕೆಗ್ ಎತ್ತುವಾಗ ಒಂದು ಡಬ್ಬಿ ಮಗುಚಿತು, ಯಾರ ಗಮನಕ್ಕೂ ಬರಲಿಲ್ಲ. ಮುಂದಿನ ಸಲ ಒರೆಸುವಾಗ ತಳದ ತಗಡಿನ ಮೂಲೆಯಲ್ಲಿ ಬಿಳಿ ಪುಡಿ, ಒಂದು ಕೆಗ್ಗಿನ ಬುಡದಲ್ಲಿ ಸೂಜಿಮೊನೆಯಷ್ಟು ಕಂದು ಚುಕ್ಕೆಗಳು. ಕ್ಲೋರೈಡ್ ತಗುಲಿ ಹಾಗೇ ಒಣಗಿದರೆ 304 ದರ್ಜೆಯ ಸ್ಟೀಲಿಗೂ ಗುಳಿ ಬೀಳುತ್ತದೆ. ಪೆಟ್ಟಿಗೆಯ ಒಳಮೈ ಅಲ್ಯೂಮಿನಿಯಂ ಆಗಿದ್ದರಂತೂ ಇನ್ನೂ ಬೇಗ. ಕೆಗ್ ಎತ್ತಿ ಇಳಿಸುವ ಜಾಗದಲ್ಲಿ ಈ ಡಬ್ಬಿ ಇಡಲೇಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಮೂರನೆಯದು ಎಲ್ಲಕ್ಕಿಂತ ಸಮಂಜಸವಾಗಿ ಕಂಡ ಕ್ರಮ. ಫ್ರೀಜರಿನ ತಳದಲ್ಲಿ, ತೊಳೆದ ನೀರು ಹೋಗಲೆಂದು, ಬಿರಡೆ ಹಾಕಿದ ಒಂದು ತೂತು ಇರುತ್ತದೆ. ಮಾವ ಆ ಬಿರಡೆ ತೆಗೆಸಿ, ಹೊರಬಾಯಿಗೆ ಪೈಪ್ ಸಿಕ್ಕಿಸಿ, ಅದರ ತುದಿಯನ್ನು ಒಂದು ಬಕೆಟ್ಟಿನ ಮೇಲೆ ನೇತುಹಾಕಿದರು. ನೀರು ನಿಲ್ಲುವುದೇಕೆ, ಹರಿದು ಹೋಗಲಿ.

ಬಕೆಟ್ಟಿಗೆ ನೀರು ಬೀಳತೊಡಗಿತು. ವಾರಕ್ಕೆ ಅರ್ಧ ಲೀಟರಿನಷ್ಟು! ಮನೆಯಲ್ಲಿ ಸಂತೋಷ. ಆದರೆ ತಳ ಒಣಗಲಿಲ್ಲ, ಮೂಲೆಗಳಲ್ಲಿ ಮುಂಚಿನಷ್ಟೇ ನೀರು. ಬೂಷ್ಟು ಈಗ ಚೌಕಟ್ಟಿನ ಮರಕ್ಕೂ ಹತ್ತಿತು.

ಆಗ ತಾಪಮಾನವನ್ನು 1 ಡಿಗ್ರಿಗೆ ಇಳಿಸಿ ನೋಡಿದರು, ಎಲ್ಲ ಐಸಾಗಿ ನಿಲ್ಲಲಿ ಎಂದು. ಐಸು ನಿಲ್ಲಲಿಲ್ಲ. ಗೋಡೆಗೆ ತಾಗಿದ ಕೆಗ್ಗಿನೊಳಗೆ ಮಾತ್ರ ಸೋಡಾ ನುಚ್ಚುನುಚ್ಚಾಗಿ ಹೆಪ್ಪುಗಟ್ಟಿ ನಲ್ಲಿ ಕಟ್ಟಿತು. ಫ್ರಿಜ್ ಮೆಕ್ಯಾನಿಕ್ ಬಂದು ಗ್ಯಾಸ್ ಸರಿಯಿದೆ, ಕೂಲಿಂಗ್ ಸರಿಯಿದೆ ಎಂದು ಹೇಳಿ, ಹೋಗುವಾಗ ಒಂದು ಮಾತು ಸೇರಿಸಿದರು: “ನೀರು ಮಷೀನಿಂದ ಬರಂಗಿಲ್ಲ ಸಾರ್, ಹೊರಗಿಂದ ಬರ್ತತಿ. ಎಲ್ಲಿಂದ ಬರ್ತತಿ ಅಂತ ನೋಡ್ರಿ.”

ಅಳತೆ

ಅಳಿಯ ಅಂದಿನಿಂದ ಲೆಕ್ಕ ಇಡತೊಡಗಿದರು. ಒರೆಸುವ ಬಟ್ಟೆಯನ್ನು ಒಣಗಿದ್ದಾಗ ಒಮ್ಮೆ, ನೆಂದ ಮೇಲೆ ಒಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗುವುದು, ಬಕೆಟ್ಟಿನ ನೀರನ್ನು ಅದಕ್ಕೆ ಕೂಡಿಸುವುದು. ಒಂದು ಗ್ರಾಂ ಎಂದರೆ ಒಂದು ಮಿಲಿಲೀಟರ್, ಇದಕ್ಕಿಂತ ಸುಲಭದ ಅಳತೆ ಇಲ್ಲ. ಆಗಸ್ಟ್ ಮೊದಲ ವಾರದ ಒಟ್ಟು 700 ಗ್ರಾಂ.

ಮುಚ್ಚಳ ಎಷ್ಟು ಸಲ ತೆರೆಯುತ್ತದೆ ಎಂದು ಗೋಡೆಗೆ ಅಂಟಿಸಿದ ಚೀಟಿಯಲ್ಲಿ ಗೀಟು ಹಾಕಿದರು. ಸೋಡಾ ಬರುವುದು ನಲ್ಲಿಯಿಂದ, ಹಾಗಾಗಿ ದಿನಕ್ಕೆ ಸರಾಸರಿ ನಾಲ್ಕೇ ಸಲ. ಚೌಕಟ್ಟು ಸೇರಿ, ಕೆಗ್‌ಗಳು ತಿಂದ ಜಾಗ ಕಳೆದರೆ ಒಳಗಿನ ಗಾಳಿ ಸುಮಾರು 250 ಲೀಟರ್, ಅಂದರೆ ಕಾಲು ಘನ ಮೀಟರ್. ಪ್ರತಿ ಸಲ ತೆರೆದಾಗಲೂ ಒಳಗಿನ ಗಾಳಿ ಪೂರ್ತಿ ಬದಲಾಯಿತು ಎಂದೇ ಹಿಡಿಯೋಣ. ವಾಸ್ತವದಲ್ಲಿ ತಣ್ಣನೆ ಗಾಳಿ ಭಾರವಾಗಿ ತಳದಲ್ಲೇ ಕೂರುವುದರಿಂದ ಅಷ್ಟು ಬದಲಾಗುವುದಿಲ್ಲ. ಹಾಗೆ ಹಿಡಿದರೂ ಒಮ್ಮೆಗೆ ಮೂರೂವರೆ ಗ್ರಾಂ, ದಿನಕ್ಕೆ 14, ವಾರಕ್ಕೆ 100 ಗ್ರಾಂ.

ಉಳಿದ 600 ಗ್ರಾಂ ಎಲ್ಲಿಂದ? ಈ ಪ್ರಶ್ನೆ ಎದ್ದ ಕ್ಷಣ ಪ್ರಕರಣ ದಿಕ್ಕು ಬದಲಿಸಿತು. ಅಲ್ಲಿಯವರೆಗೆ ಮನೆಯಲ್ಲಿ ನಡೆದಿದ್ದ ಜಗಳ “ಮುಚ್ಚಳ ಪದೇಪದೇ ತೆಗೀಬೇಡ್ರಿ” ಎಂಬುದೊಂದೇ. ಮುಚ್ಚಳ ತೆಗೆಯುವುದನ್ನು ಪೂರ್ತಿ ನಿಲ್ಲಿಸಿದರೂ ಏಳರಲ್ಲಿ ಒಂದು ಪಾಲು ಮಾತ್ರ ಕಡಿಮೆಯಾಗುತ್ತಿತ್ತು.

600 ಗ್ರಾಂ ನೀರು ಉದುರಬೇಕಾದರೆ ದಿನಕ್ಕೆ ಸುಮಾರು 6 ಘನ ಮೀಟರ್ ಹೊರಗಾಳಿ ಒಳಬರಬೇಕು, ನಿಮಿಷಕ್ಕೆ 4 ಲೀಟರ್. ಗ್ಯಾಸ್ಕೆಟ್ಟಿನ ಬಿರುಕಿನಲ್ಲಿ ಅಷ್ಟು ಗಾಳಿ ತಾನಾಗಿ ನುಗ್ಗುವುದಿಲ್ಲ. ಮೇಲೆ ಮಾತ್ರ ಸಂದಿದ್ದರೆ ಒಳಗಿನ ತಣ್ಣನೆ ಗಾಳಿ ತಳದಲ್ಲಿ ಭಾರವಾಗಿ ಕೂತಿರುತ್ತದೆ, ಹೊರಗಿನದಕ್ಕೆ ಜಾಗ ಬಿಡುವುದಿಲ್ಲ. ಒಳಬರಲು ಒಂದು ಬಾಗಿಲಿದ್ದರೆ ಸಾಲದು, ಹೊರಹೋಗಲು ಇನ್ನೊಂದು ಬೇಕು, ಅದೂ ಕೆಳಗೆ.

ಊದುಬತ್ತಿ

ಪರೀಕ್ಷೆಗೆ ಒಂದು ಊದುಬತ್ತಿ ಸಾಕಾಯಿತು. ಫ್ಯಾನು ನಿಲ್ಲಿಸಿ, ಕಿಟಕಿ ಮುಚ್ಚಿ, ಕಂಪ್ರೆಸರ್ ನಿಂತಿರುವಾಗ ಪೈಪಿನ ತುದಿಯ ಬಳಿ ಹಿಡಿದರು. ನೆಟ್ಟಗೆ ಏಳಬೇಕಿದ್ದ ಹೊಗೆ ಬಾಗಿ ನೆಲದ ಕಡೆ ಇಳಿಯಿತು. ಅಲ್ಲಿ ಕೈ ಹಿಡಿದರೆ ತಣ್ಣನೆಯ ಸುಳಿ. ಆಮೇಲೆ ಅದೇ ಬತ್ತಿಯನ್ನು ಚೌಕಟ್ಟಿನ ಸುತ್ತ ನಿಧಾನಕ್ಕೆ ಆಡಿಸಿದರು. ಕೀಲಿನ ಬದಿಯ ಎಡ ಮೂಲೆಗೆ ಬಂದಾಗ ಹೊಗೆ ದಾರ ಎಳೆದಂತೆ ಮುಚ್ಚಳದ ಕೆಳಗೆ ನುಸುಳಿ ಮಾಯವಾಯಿತು.

“ಮಾವ, ನೀರು ಹೋಗ್ಲಿ ಅಂತ ಬಿಟ್ಟ ತೂತಿನಿಂದ್ಲೇ ನೀರು ಬರ್ತಾ ಐತಿ.”

“ಅದೆಂಗಪ್ಪ? ಅಲ್ಲಿಂದ ಹೊರಗೆ ಹೋಗೋದಲ್ವಾ?”

ಹೊರಗೆ ಹೋಗುತ್ತಿದ್ದುದು ತಣ್ಣನೆ ಗಾಳಿ. ತಳದಿಂದ ಚೌಕಟ್ಟಿನ ತಲೆಯವರೆಗೆ ಸುಮಾರು 80 ಸೆಂಟಿಮೀಟರ್ ಎತ್ತರದ ತಣ್ಣನೆ ಗಾಳಿಯ ಕಂಬ. ಕೆಳಗೆ 12 ಮಿಲಿಮೀಟರಿನ ತೂತು ಸಿಕ್ಕರೆ ಅದು ಸೆಕೆಂಡಿಗೆ ಅರ್ಧ ಮೀಟರಿಗೂ ಹೆಚ್ಚು ವೇಗದಲ್ಲಿ ಸುರಿದು ಹೋಗುತ್ತದೆ. ತೂತಿನ ಅಳತೆಗೆ ಗುಣಿಸಿ ನೋಡಿದರೆ ಅದು ನಿಮಿಷಕ್ಕೆ ಸುಮಾರು ನಾಲ್ಕು ಲೀಟರ್, ಲೆಕ್ಕಕ್ಕೆ ಬೇಕಿದ್ದಷ್ಟೇ. ಖಾಲಿಯಾದ ಜಾಗಕ್ಕೆ ಮೇಲಿನ ಸಂದಿನಿಂದ ಮಳೆಗಾಲದ ಹಸಿ ಗಾಳಿ ಹಗಲೂ ರಾತ್ರಿ ಇಳಿಯುತ್ತಿತ್ತು. ಬಕೆಟ್ ತುಂಬುತ್ತಿದ್ದುದನ್ನು ಚಿಕಿತ್ಸೆ ಫಲಿಸಿದ ಗುರುತೆಂದು ಎಣಿಸಿದ್ದರು, ಅದು ರೋಗ ಉಲ್ಬಣಿಸಿದ ಗುರುತು. ಪೈಪಿನ ತುದಿ ಬಕೆಟ್ಟಿನ ನೀರಿನಲ್ಲಿ ಮುಳುಗಿದ್ದಿದ್ದರೂ ಇದು ಆಗುತ್ತಿರಲಿಲ್ಲ. ನಾಲ್ಕು ಬೆರಳು ಮೇಲೆ ನೇತಾಡಿದ್ದೇ ಕಾರಣ.

ಕರೆಂಟ್ ಬಿಲ್ಲಿನಲ್ಲಿ ಏಕೆ ಸುಳಿವು ಸಿಗಲಿಲ್ಲ ಎಂದು ಕೇಳಬಹುದು. ದಿನಕ್ಕೆ 6 ಘನ ಮೀಟರ್ ಗಾಳಿ ತಣಿಸಿ, 85 ಗ್ರಾಂ ಆವಿಯನ್ನು ನೀರಾಗಿಸಲು ತೆಗೆಯಬೇಕಾದ ಶಾಖ ಒಂದು ಯೂನಿಟ್ಟಿನ ಹತ್ತನೇ ಒಂದು ಪಾಲಿನಷ್ಟು. ಕಂಪ್ರೆಸರ್ ಅದಕ್ಕೆ ಬಳಸುವ ವಿದ್ಯುತ್ತು ಅದಕ್ಕಿಂತಲೂ ಕಡಿಮೆ. ತೇವದ ಸೋರಿಕೆ ಬಿಲ್ಲಿನಲ್ಲಿ ಕಾಣುವುದಿಲ್ಲ, ಬಟ್ಟೆ ಹಿಂಡಿದರೆ ಮಾತ್ರ ಕಾಣುತ್ತದೆ.

ರಿಪೇರಿ

ಮೊದಲು ಬಿರಡೆ ವಾಪಸು ಹಾಕಿದರು, ಬೇರೇನೂ ಮುಟ್ಟಲಿಲ್ಲ. ಒಂದು ವಾರ ಕಾದರು. ಇದು ಒಳ್ಳೆಯ ತೀರ್ಮಾನ. ಎಲ್ಲವನ್ನೂ ಒಟ್ಟಿಗೆ ಬದಲಿಸಿದ್ದರೆ ಯಾವುದು ಫಲ ಕೊಟ್ಟಿತು ಎಂದು ತಿಳಿಯುತ್ತಿರಲಿಲ್ಲ. 700 ಗ್ರಾಂ ಇದ್ದದ್ದು 260ಕ್ಕೆ ಇಳಿಯಿತು.

ಆಮೇಲೆ ಚೌಕಟ್ಟಿನ ಕೆಲಸ. ಮುಚ್ಚಳ ಹಾಕುವಾಗ ಕಾಗದದ ಚೀಟಿ ಸಿಕ್ಕಿಸಿ ಎಳೆಯುವ ಪರೀಕ್ಷೆಯಲ್ಲಿ ಮೂರು ಕಡೆ ಬಿಗಿ. ಕೀಲಿನ ಎಡ ಮೂಲೆಯಲ್ಲಿ ಚೀಟಿ ಸಲೀಸಾಗಿ ಜಾರಿ ಬಂತು. ಬಡಗಿ ಬಂದು ಮೂಲೆಯಿಂದ ಮೂಲೆಗೆ ಅಳೆದರೆ ಎರಡು ಕರ್ಣಗಳ ನಡುವೆ 6 ಮಿಲಿಮೀಟರ್ ವ್ಯತ್ಯಾಸ. ಚೌಕಟ್ಟು ಚೌಕವಾಗಿರಲಿಲ್ಲ. ಸ್ಕ್ರೂ ಬಿಚ್ಚಿ ಮಟ್ಟ ಮಾಡಿ, ಮೂಲೆಗಳಿಗೆ ಒಳಗಿನಿಂದ ಎಲ್ ಪಟ್ಟಿ ಹಾಕಿದರು. ಕೀಲಿನ ಸ್ಕ್ರೂ ಸಡಿಲಿಸಿ ಮುಚ್ಚಳವನ್ನು ಕೆಳಗೆ ಒತ್ತಿ ಹಿಡಿದು ಮತ್ತೆ ಬಿಗಿ ಮಾಡಿದರು.

ಥರ್ಮಾಕೋಲ್ ಕಿತ್ತಾಗ ಅದರ ಹಿಂದೆ ಮರ ಪೂರ್ತಿ ಕಪ್ಪಾಗಿತ್ತು. ಹಾಳೆಯನ್ನು ನಾಲ್ಕು ಚುಕ್ಕೆ ಅಂಟಿನಲ್ಲಿ ನಿಲ್ಲಿಸಿದ್ದರು, ಅಂಚುಗಳಿಗೆ ಏನೂ ಬಳಿದಿರಲಿಲ್ಲ. ಹಾಳೆಗೂ ಮರಕ್ಕೂ ನಡುವಿನ ಕೂದಲೆಳೆಯಷ್ಟು ಸಂದಿನಲ್ಲಿ ಹಸಿ ಗಾಳಿ ಸೇರಿ, ತಣ್ಣನೆ ಮರಕ್ಕೆ ತಗುಲಿ, ಅಲ್ಲೇ ನೀರಾಗಿ ನಿಂತಿತ್ತು. ಮರವನ್ನು ಹೊರಗೆ ತಂದು ಉಜ್ಜಿ, 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ಸವರಿ, ಎರಡು ದಿನ ಫ್ಯಾನಿನ ಕೆಳಗೆ ಒಣಗಿಸಿ, ಪಾಲಿಯುರೆಥೇನ್ ವಾರ್ನಿಷ್ ಮೂರು ಕೋಟು ಹೊಡೆದರು. ಆರು ಮೈಗೂ. ಕತ್ತರಿಸಿದ ಅಡ್ಡಮೈ, ತೂತುಗಳ ಒಳಮೈಯನ್ನೂ ಬಿಡಲಿಲ್ಲ. ಮರ ನೀರು ಕುಡಿಯುವುದೇ ಅಲ್ಲಿಂದ. ಥರ್ಮಾಕೋಲ್ ಬದಲು ಎಸಿ ಪೈಪಿಗೆ ಸುತ್ತುವ ಕಪ್ಪು ನೈಟ್ರೈಲ್ ರಬ್ಬರ್ ಹಾಳೆ, 19 ಮಿಲಿಮೀಟರ್ ದಪ್ಪದ್ದು, ಪೂರ್ತಿ ಮೈಗೆ ಅಂಟು ಬಳಿದು ಕೂರಿಸಿ ಅಂಚಿಗೆಲ್ಲ ಸಿಲಿಕೋನ್ ಎಳೆದರು. ಚೌಕಟ್ಟಿಗೂ ಪೆಟ್ಟಿಗೆಗೂ ನಡುವೆ, ಒಳಗಿನ ಗುಳ್ಳೆಗಳು ಒಂದಕ್ಕೊಂದು ತೆರೆದುಕೊಳ್ಳದ (ಕ್ಲೋಸ್ಡ್-ಸೆಲ್) ಫೋಮ್ ಟೇಪ್, ಹೊರಗಿಂದ ಸಿಲಿಕೋನ್. ಸ್ಪಂಜಿನಂಥ ಟೇಪ್ ತಂದಿದ್ದನ್ನು ವಾಪಸು ಕೊಟ್ಟರು. ಅದು ಗಾಳಿಯನ್ನೂ ಬಿಡುತ್ತದೆ, ನೀರನ್ನೂ ಹಿಡಿಯುತ್ತದೆ. ಸಿಲಿಕೋನಿನಲ್ಲಿ ಬೂಷ್ಟು ತಡೆಯುವ, ಬಚ್ಚಲುಮನೆಗೆಂದು ಮಾರುವ ಬಗೆಯೇ ಆಗಬೇಕು. ವಿನೆಗರ್ ವಾಸನೆ ಪೂರ್ತಿ ಹೋಗುವವರೆಗೆ ಮುಚ್ಚಳ ತೆರೆದಿಡಬೇಕು.

ಗ್ಯಾಸ್ಕೆಟ್ಟಿನ ಬೂಷ್ಟಿಗೆ ಲೀಟರ್ ಬಿಸಿನೀರಿಗೆ ಎರಡು ದೊಡ್ಡ ಚಮಚ ಅಡುಗೆ ಸೋಡಾ, ಹಳೇ ಹಲ್ಲುಜ್ಜುವ ಬ್ರಷ್ಷು. ಬ್ಲೀಚಿಂಗ್ ದ್ರಾವಣ ಬೇಡ, ಅದೂ ಕ್ಲೋರೈಡಿನ ಸಹವಾಸವೇ. ಪೆರಾಕ್ಸೈಡಿಗೆ ವಿನೆಗರ್ ಬೆರೆಸುವುದೂ ಬೇಡ.

ಬಿರಡೆ ಹಾಕಿದ ಮೇಲೆ ಒಂದು ಹೊಸ ಅಪಾಯವನ್ನು ನೆನಪಿಡಬೇಕಾಯಿತು. ತಳದ ತೂತು ಮುಚ್ಚಿದ ಪೆಟ್ಟಿಗೆಯಲ್ಲಿ ಇಂಗಾಲದ ಡೈಆಕ್ಸೈಡ್ ಸೋರಿದರೆ ಅದು ಹೊರಹೋಗದೆ ತುಂಬಿಕೊಳ್ಳುತ್ತದೆ, ಗಾಳಿಗಿಂತ ಭಾರ. ಆದ್ದರಿಂದ ಪ್ರತಿ ಜೋಡಣೆಗೂ ಸಾಬೂನು ನೊರೆ ಹಚ್ಚಿ ಗುಳ್ಳೆ ನೋಡಿದರು. ಮುಚ್ಚಳ ತೆರೆದ ಕೂಡಲೇ ತಲೆ ಒಳಗೆ ಹಾಕಿ ತಳ ಒರೆಸುವ ಅಭ್ಯಾಸ ನಿಲ್ಲಿಸಿದರು. ತೆರೆದು, ಕೆಗ್ ಹೊರಗಿಟ್ಟು, ಕಿಟಕಿ ತೆಗೆದು, ಟೇಬಲ್ ಫ್ಯಾನನ್ನು ಪೆಟ್ಟಿಗೆಯೊಳಕ್ಕೆ ತಿರುಗಿಸಿ ಸ್ವಲ್ಪ ಹೊತ್ತಾದ ಮೇಲೆ ಕೆಲಸ.

ಕಂಟ್ರೋಲರ್ ಮತ್ತು ಫ್ಯಾನು

ಗಾಳಿಯಲ್ಲಿ ನೇತಾಡುವ ಸೆನ್ಸರ್, ಅರ್ಧ ಡಿಗ್ರಿ ವ್ಯತ್ಯಾಸ. ಈ ಜೋಡಿ ಕಂಪ್ರೆಸರನ್ನು ಗಂಟೆಗೆ ಹಲವು ಸಲ ಎಬ್ಬಿಸಿ ಮಲಗಿಸುತ್ತಿತ್ತು. ಪ್ರತಿ ಸಲವೂ ಗೋಡೆಯಲ್ಲಿ ಐಸು ಕಟ್ಟಿ ಕರಗುವುದು. ಸೆನ್ಸರನ್ನು ತುಂಬಿದ ಕೆಗ್ಗಿಗೆ ಅಂಟಿಸಿ ಎಂದು ಬಹಳ ಮಂದಿ ಹೇಳುತ್ತಾರೆ. ಹಾಗೆ ಮಾಡಿದರೆ 19 ಲೀಟರ್ ತಣಿಯುವವರೆಗೆ ಕಂಪ್ರೆಸರ್ ಓಡುತ್ತಲೇ ಇದ್ದು ಗೋಡೆ ಮಿತಿಮೀರಿ ತಣ್ಣಗಾಗುತ್ತದೆ, ಗೋಡೆಗೆ ತಾಗಿದ ಕೆಗ್ ಮತ್ತೆ ಹೆಪ್ಪುಗಟ್ಟುತ್ತದೆ. ಇಲ್ಲಿ ಅರ್ಧ ಲೀಟರ್ ನೀರಿನ ಬಾಟಲಿಗೆ ಸೆನ್ಸರ್ ಅಂಟಿಸಿ ಮೇಲೆ ಫೋಮ್ ಸುತ್ತಿ ಕೆಗ್‌ಗಳ ನಡುವೆ ಇಟ್ಟರು. ವ್ಯತ್ಯಾಸ 1.5 ಡಿಗ್ರಿ, ತಡ 8 ನಿಮಿಷ. ಇದು ನಡುದಾರಿ, ಈ ಗಾತ್ರದ ಪೆಟ್ಟಿಗೆಗೆ ಇದೇ ಸರಿ.

12 ವೋಲ್ಟಿನ 80 ಮಿಲಿಮೀಟರ್ ಕಂಪ್ಯೂಟರ್ ಫ್ಯಾನೊಂದನ್ನು ತಳದಲ್ಲಿ, ಕಂಪ್ರೆಸರ್ ದಿಬ್ಬದ ಮೇಲೆ ಮೇಲ್ಮುಖವಾಗಿ ಇಟ್ಟರು. ಫ್ಯಾನು ತೇವ ತೆಗೆಯುವುದಿಲ್ಲ. ಮೇಲೆ 9, ಕೆಳಗೆ 2 ಎಂದು ಪದರಗಟ್ಟಿದ ಗಾಳಿಯನ್ನು ಬೆರೆಸಿ ಮೂಲೆಗಳನ್ನು ಒಣಗಿಸುತ್ತದೆ ಅಷ್ಟೆ. ಆದರೆ ಅದನ್ನು ಸಂದು ಮುಚ್ಚಿದ ಮೇಲೆ ಹಾಕಬೇಕು. ಸಂದಿರುವಾಗ ಹಾಕಿದರೆ ಮೇಲಿನ ಗಾಳಿಯೂ ತಣ್ಣಗಾಗಿ ಸಂದಿನ ಎಳೆತ ಹೆಚ್ಚುತ್ತದೆ. ಅಡಾಪ್ಟರ್ ಹೊರಗೆ, ಒಳಗೆ ವೈರ್ ಮಾತ್ರ. ಕೆಗ್‌ಗಳ ಕೆಳಗೆ ಎರಡು ಸೆಂಟಿಮೀಟರ್ ಎತ್ತರದ ಪ್ಲಾಸ್ಟಿಕ್ ಜಾಲರಿ ಹಾಸಿದರು, ಉಳಿದ ನೀರು ಬುಡಕ್ಕೆ ತಗುಲದಿರಲಿ ಎಂದು.

ಹೀರುಗ ಬಂದದ್ದು ಕೊನೆಗೆ

ಸೆಪ್ಟೆಂಬರ್ ನಡುವಿನ ಅಳತೆ ವಾರಕ್ಕೆ 110 ಗ್ರಾಂ. ಮುಚ್ಚಳದ ಲೆಕ್ಕಕ್ಕೆ ಬಹುತೇಕ ಕೂಡಿಬಂತು. ಉಳಿದ ಚೂರು ತೊಳೆದ ಕೆಗ್ಗನ್ನು ಒರೆಸದೆ ಒಳಗಿಟ್ಟದ್ದರಿಂದ. ಒದ್ದೆ ಕೆಗ್ ಒಂದೊಂದೂ 20-30 ಗ್ರಾಂ ನೀರು ಹೊತ್ತು ತರುತ್ತದೆ.

ಈಗ ಸಿಲಿಕಾ ಜೆಲ್ಲಿಗೆ ಅರ್ಥ ಬಂತು. ಕಿತ್ತಳೆ ಬಣ್ಣದ ಜೆಲ್ ಒಂದು ಕೆಜಿ, ಎರಡು ಬಟ್ಟೆ ಚೀಲದಲ್ಲಿ, ಫ್ಯಾನಿನ ಗಾಳಿಗೆ ಎದುರಾಗಿ. ನೀಲಿ ಬಣ್ಣದ್ದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಕುಡಿಯುವ ವಸ್ತುವಿನ ಹತ್ತಿರ ಬೇಡ. ಚೀಲದ ತೂಕ ಕೆಜಿಗೆ 250 ಗ್ರಾಂ ಏರಿದಾಗ ತೆಗೆದು, ಚೀಲದಿಂದ ತಟ್ಟೆಗೆ ಸುರಿದು, ಒಟಿಜಿ ಓವನ್ನಿನಲ್ಲಿ 110ರಿಂದ 120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಒಣಗಿಸುತ್ತಾರೆ. ಬಣ್ಣ ನೋಡುವುದಕ್ಕಿಂತ ತೂಕ ನೋಡುವುದು ನಂಬಿಕೆಯ ದಾರಿ. ಬಿಸಿಲಿಗೆ ಹಾಕಿದರೆ ಒಣಗುವುದಿಲ್ಲ, ಮಳೆಗಾಲದಲ್ಲಂತೂ ಇನ್ನಷ್ಟು ಹೀರಿಕೊಂಡು ಬರುತ್ತದೆ. ವಾರಕ್ಕೆ 700 ಗ್ರಾಂ ಬೀಳುತ್ತಿದ್ದಾಗ ಇದನ್ನೇ ಹಾಕಿದ್ದರೆ ಮೂರು ದಿನಕ್ಕೊಮ್ಮೆ ಒಲೆ ಹಚ್ಚಬೇಕಿತ್ತು.

ತೇವ ಅಳೆಯುವ, ಬ್ಯಾಟರಿಯ ಸಣ್ಣ ಹೈಗ್ರೋಮೀಟರೊಂದನ್ನು ಒಳಗಿಟ್ಟರು. ಇವುಗಳ ಅಂಕಿಯನ್ನು ಹಾಗೇ ನಂಬಬಾರದು. ಒಂದು ಮುಚ್ಚಳದಲ್ಲಿ ಉಪ್ಪಿಗೆ ಹನಿ ನೀರು ಹಾಕಿ ಕೆಸರಿನಂತೆ ಕಲಸಿ, ಮೀಟರಿನ ಜೊತೆ ಜಿಪ್ ಕವರಿನಲ್ಲಿ ಮುಚ್ಚಿ, ಕೋಣೆಯ ತಾಪಮಾನದಲ್ಲಿ ಎಂಟು ಗಂಟೆ ಬಿಟ್ಟರೆ ಶೇ 75 ತೋರಿಸಬೇಕು. ಇವರದು 80 ತೋರಿಸಿತು, ಐದು ಕಳೆದು ಓದಿದರು. ತೇವ ಹೀರುವಲ್ಲಿ ಸೋತ ಅಡುಗೆ ಉಪ್ಪು ಮೀಟರ್ ಪರೀಕ್ಷೆಗೆ ಮಾತ್ರ ಚೆನ್ನಾಗಿ ಒದಗಿತು. ರಿಪೇರಿಗೆ ಮುಂಚೆ ಇಂಥ ಪೆಟ್ಟಿಗೆಯಲ್ಲಿ ಕಂಪ್ರೆಸರ್ ನಿಂತಾಗಲೆಲ್ಲ ತೇವ 90 ದಾಟುತ್ತದೆ. ಈಗ ಓಡುವಾಗ 50, ನಿಂತಾಗ 68. ಬೂಷ್ಟಿಗೆ ಇಷ್ಟು ಸಾಲದು.

ಅಕ್ಟೋಬರಿನ ಹಿಂಗಾರು ಮಳೆಯಲ್ಲಿ ಪೆಟ್ಟಿಗೆ ಪರೀಕ್ಷೆ ಪಾಸಾಯಿತು: ತಳದಲ್ಲಿ ನಿಂತ ನೀರಿಲ್ಲ, ಮೂಲೆಯಲ್ಲಿ ಒರೆಸಿದರೆ ಬಟ್ಟೆ ತಣ್ಣಗಾಗುವಷ್ಟು ಪಸೆ.

ಎರಡನೇ ಪೆಟ್ಟಿಗೆ ಕಟ್ಟುವವರಿಗೆ

ಮನೆಯವರು ಎರಡನೆಯ ಫ್ರೀಜರ್ ಕೊಳ್ಳುವ ಮಾತಾಡುತ್ತಿದ್ದಾಗ ಕನ್ವರ್ಟಿಬಲ್ ಮಾದರಿಯ ವಿಚಾರ ಬಂತು. ಗುಂಡಿ ಒತ್ತಿದರೆ ಕೂಲರ್ ಆಗುತ್ತದೆ, ಕಂಟ್ರೋಲರಿನ ಖರ್ಚು ಉಳಿಯುತ್ತದೆ. ಆದರೆ ಕಾಯಿಲ್ ಗೋಡೆಯೊಳಗೇ ಇರುವ ಮಾದರಿಯಾದರೆ ನೀರಿನ ಕಥೆ ಬದಲಾಗುವುದಿಲ್ಲ. ಪೆಲ್ಟಿಯರ್ ಚಿಪ್ಪಿನ (ವಿದ್ಯುತ್ತು ಹರಿಸಿದರೆ ಒಂದು ಮೈ ತಣ್ಣಗಾಗುವ ಚಿಪ್ಪು) ಪುಟ್ಟ ಡಿಹ್ಯುಮಿಡಿಫೈಯರ್, ಎಂದರೆ ತೇವ ತೆಗೆಯುವ ಯಂತ್ರ, ಒಳಗಿಡುವ ಯೋಚನೆಯನ್ನೂ ಕೈಬಿಟ್ಟರು. ಅವು ಕೋಣೆಯ ತಾಪಮಾನಕ್ಕೆ ಮಾಡಿದವು; 4 ಡಿಗ್ರಿಯಲ್ಲಿ ಅವುಗಳ ತಣ್ಣನೆ ತಟ್ಟೆಗೇ ಐಸು ಕಟ್ಟಿ ಕೆಲಸ ನಿಲ್ಲುತ್ತದೆ, ಬಿಟ್ಟ ಶಾಖವನ್ನು ಕಂಪ್ರೆಸರ್ ಹೊರಬೇಕು.

ಡ್ರೈನ್ ಪೈಪ್ ಬೇಕೇಬೇಕು ಎನ್ನುವವರಿಗೆ ದಾರಿಯಿದೆ. ಪಾರದರ್ಶಕ ಪೈಪನ್ನು ಯು ಆಕಾರಕ್ಕೆ ಬಾಗಿಸಿ ಕಟ್ಟಿ, ಬಾಗಿನಲ್ಲಿ 5 ಸೆಂಟಿಮೀಟರ್ ನೀರು ನಿಲ್ಲಿಸಿದರೆ ನೀರು ಹೊರಹೋಗುತ್ತದೆ, ಗಾಳಿ ಹೋಗುವುದಿಲ್ಲ. ಸಿಂಕಿನ ಕೆಳಗೆ ಇರುವುದೂ ಇದೇ. ಪೆಟ್ಟಿಗೆಯನ್ನು ಅದಕ್ಕೆ ತಕ್ಕಷ್ಟು ಎತ್ತರದ ಸ್ಟ್ಯಾಂಡಿನ ಮೇಲೆ ಕೂರಿಸಬೇಕು. ಫೆಬ್ರವರಿಯಿಂದ ಮೇವರೆಗೆ ಒಳಗಿಂದ ನೀರೇ ಬರದೆ ಆ ಬಾಗು ಒಣಗುತ್ತದೆ; ಒಣಗಿದರೆ ತೂತು ಮತ್ತೆ ತೆರೆದಂತೆಯೇ. ಬೇಸಿಗೆಯಲ್ಲಿ ಅದು ಗೊತ್ತಾಗುವುದೂ ಇಲ್ಲ. ಹಾಗಾಗಿ ಎರಡನೇ ಪೆಟ್ಟಿಗೆಗೆ ಯು ಪೈಪ್ ಹಾಕಿದ ಮೇಲೆ ಅಳಿಯ ಅದರ ಪಕ್ಕ ಗೋಡೆಗೆ ಒಂದು ಚೀಟಿ ಅಂಟಿಸಿದರು: ರೋಹಿಣಿ ಮಳೆ ಹುಟ್ಟುವ ಮುಂಚೆ ಅರ್ಧ ಲೋಟ ನೀರು ಹಾಕಿ, ಊದುಬತ್ತಿ ಹಿಡಿದು ನೋಡುವುದು.